ಊರಲ್ಲಿ ಆತ್ಮಹತ್ಯೆ ತಡೆಯುವ ಮಾತು: ಡೇರಿಯಿಂದಲೇ ಶುರು ಮಾಡಿ

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಸೆಪ್ಟೆಂಬರ್ 10, ಆತ್ಮಹತ್ಯೆ ತಡೆ ದಿನ ಹತ್ತಿರ ಬಂದಾಗ ಅಕ್ಕಪಕ್ಕದ ಊರಿನವರು "ಏನು ಕಾರ್ಯಕ್ರಮ ಇಟ್ಟುಕೊಳ್ಳೋಣ?" ಎಂದು ಕೇಳುತ್ತಾರೆ. ಶಾಮಿಯಾನ, ಮೈಕು, ಭಾಷಣ ಬೇಡ ಅಂತಲೇ ನಾನು ಹೇಳುವುದು. ಮನಸ್ಸು ಸೋತವರು ಅಂಥ ಸಭೆಗೆ ಬರುವುದಿಲ್ಲ. ಆದರೆ ಹಸು ಇದ್ದವರು ಡೇರಿಗೆ ಬರಲೇಬೇಕು. ಗೊಬ್ಬರದಂಗಡಿಗೆ, ನ್ಯಾಯಬೆಲೆ ಅಂಗಡಿಗೆ, ಸಂಘದ ವಾರದ ಸಭೆಗೂ ಬರಲೇಬೇಕು. ಮಾತು ಅಲ್ಲಿಗೆ ಹೋಗಬೇಕು. 2022ರಲ್ಲಿ ನಮ್ಮ ರಾಜ್ಯ ಒಂದರಲ್ಲೇ 13,606 ಜನ ಆತ್ಮಹತ್ಯೆಯಿಂದ ಹೋದರು. ದಿನಕ್ಕೆ ಸುಮಾರು 37 ಮನೆ.

ಮೊದಲು ನಾಲ್ಕೈದು ಜನರನ್ನು ಜೊತೆ ಮಾಡಿಕೊಳ್ಳಿ. ಆಶಾ ಕಾರ್ಯಕರ್ತೆ, ಡೇರಿಯ ಟೆಸ್ಟರ್, ಗೊಬ್ಬರದಂಗಡಿಯವರು, ಕ್ಷೌರದಂಗಡಿಯವರು ಇದ್ದರೆ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೇಳಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕರೆಸಿ ಇವರಿಗೆ ತಿಳಿವಳಿಕೆ ಕೊಡಿಸಿ. ದೇಶದಲ್ಲೆಲ್ಲ ನಡೆಯುವ ಈ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು ನಮ್ಮ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗ. ನಮ್ಮದನ್ನು ನಾವೇ ಬಳಸಿಕೊಳ್ಳದಿದ್ದರೆ ಹೇಗೆ?

ಇನ್ನು ಗಮನಿಸುವುದು. ದಿನಾ ಬರುತ್ತಿದ್ದವರು ಬರುವುದು ಬಿಟ್ಟು ಹುಡುಗನ ಕೈಲಿ ಹಾಲು ಕಳಿಸುತ್ತಾರೆ. ಕರೆಯುವ ಹಸುವನ್ನು ಇದ್ದಕ್ಕಿದ್ದಂತೆ ಮಾರುತ್ತಾರೆ. ನಿದ್ದೆ ಇಲ್ಲ, ಊಟ ಸೇರಲ್ಲ ಅಂತಾರೆ, ಕುಡಿತ ಜಾಸ್ತಿಯಾಗಿರುತ್ತದೆ. "ನಾನಿಲ್ಲದಿದ್ರೆ ಮನೆಯವರಿಗೆ ಭಾರ ಕಮ್ಮಿಯಾಗುತ್ತೆ" ಎಂಬ ಮಾತು ಬಂದರಂತೂ ಅದನ್ನು ಸುಮ್ನೆ ಅಂದದ್ದು ಎಂದು ಬಿಡಬೇಡಿ.

ಕೇಳುವುದೇ ಎಲ್ಲಕ್ಕಿಂತ ಕಷ್ಟ. ಸಾಲಿನಲ್ಲಿ ನಿಂತವರ ಮುಂದೆ ಕೇಳಬಾರದು. ಕ್ಯಾನು ತೊಳೆಯುವ ಹೊತ್ತಿಗೆ, ಇಲ್ಲವೇ ಅವರ ಕೊಟ್ಟಿಗೆಗೆ ಹೋಗಿ, ನೇರವಾಗಿ ಕೇಳಿ: "ಅಣ್ಣ, ತುಂಬಾ ಸೋತು ಹೋಗಿದ್ದೀರಿ. ಸಾಯಬೇಕು ಅಂತ ಏನಾದ್ರೂ ಅನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಎಷ್ಟೋ ಜನರಿಗೆ ಯಾರಾದರೂ ಕೇಳಿದರಲ್ಲ ಎಂದು ಉಸಿರು ಹಗುರಾಗುತ್ತದೆ. ಆಮೇಲೆ ನೀವು ಸುಮ್ಮನಿರಿ, ಅವರು ಮಾತಾಡಲಿ. "ಮಕ್ಕಳ ಮುಖ ನೋಡಿ" ಎಂದು ಬುದ್ಧಿ ಹೇಳಬೇಡಿ. ಆ ಮುಖ ನೋಡಿಯೇ ಅವರು ಅರ್ಧ ಕುಗ್ಗಿರುತ್ತಾರೆ. ಯಾರಿಗೂ ಹೇಳಲ್ಲ ಅಂತ ಭಾಷೆ ಕೊಡಬೇಡಿ. ಊರಿಗೆ ಹೇಳಬಾರದು, ಸರಿ. ಆದರೆ ಅವರು ನಂಬುವ ಒಬ್ಬರಿಗೆ, ಡಾಕ್ಟರಿಗೆ ಹೇಳಲೇಬೇಕು.

ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಅಲ್ಲೇ ಕೂತು 14416ಕ್ಕೆ ಫೋನ್ ಹಚ್ಚಿ. ಅದು ಟೆಲಿ ಮನಸ್, ಮನಸ್ಸಿನ ಕಷ್ಟಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದಿನವಿಡೀ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಡೇರಿ ಗೋಡೆಗೆ, ಹಾಲಿನ ಪಾಸ್‌ಬುಕ್ಕಿನ ಹಿಂದೆ ಅಂಟಿಸಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಅವರಿಂದ ತಿಳಿದು ಅದನ್ನೂ ಬರೆಯಿರಿ. "ಹೋಗಿ ಬನ್ನಿ" ಅಂದರೆ ಹೋಗುವುದಿಲ್ಲ, ಜೊತೆಗೆ ಹೋಗಬೇಕು. ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡು ಮೂರು ವಾರವಾದರೂ ಬೇಕು. ನಾಲ್ಕು ದಿನಕ್ಕೇ ಬಿಡದ ಹಾಗೆ ನೋಡಿಕೊಳ್ಳಿ.

ಹೊಲಕ್ಕೆ ಹೊಡೆಯುವ ಔಷಧಿಯ ವಿಷಯ ಬೇರೆಯಾಗಿ ಹೇಳಬೇಕು. ಸಾಯುವ ಯೋಚನೆ ತೀರಾ ಜೋರಾಗಿರುವ ಹೊತ್ತು ಎಷ್ಟೋ ಸಲ ಸ್ವಲ್ಪವೇ. ಆ ಹೊತ್ತು ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ತೀರಾ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಶೇ. 70ರಷ್ಟು ಇಳಿಯಿತು. ನಾವು ಮಾಡಬಹುದಾದದ್ದು ಇಷ್ಟು: ಬೇಕಾದಷ್ಟೇ ಕೊಳ್ಳುವುದು, ಉಳಿದದ್ದನ್ನು ಅಡುಗೆಮನೆ ಅಟ್ಟದಲ್ಲಿಡದೆ ಪೆಟ್ಟಿಗೆಗೆ ಬೀಗ ಹಾಕುವುದು, ಬೀಗದ ಕೈ ಇನ್ನೊಬ್ಬರ ಹತ್ತಿರ ಇಡುವುದು. ಗೊಬ್ಬರದಂಗಡಿಯವರೂ ಜೊತೆಗಿರಬೇಕು ಎಂದದ್ದು ಇದಕ್ಕೇ.

ಸಾಲದ ಕಾಟವಿದ್ದರೆ ಬರೀ ಸಮಾಧಾನದಿಂದ ಆಗಲ್ಲ. ಸಾಲ ಕೊಟ್ಟವರು ಕಂತಿಗಾಗಿ ಮನೆ ಮುಂದೆ ಬಂದು ಅವಮಾನ ಮಾಡುವುದನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಠಾಣೆಗೆ ದೂರು ಕೊಡಲು ನಾಲ್ಕು ಜನ ಜೊತೆಗೆ ಹೋಗಿ.

ಯಾರಾದರೂ ವಿಷ ಕುಡಿದುಬಿಟ್ಟಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ತನ್ನಿ. ಕೇಸಾಗುತ್ತದೆ ಎಂದು ಮನೆಯವರು ತಡ ಮಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಅಂಥವರನ್ನು ಅಪರಾಧಿಗಳೆಂದಲ್ಲ, ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು. ಅವರ ಆರೈಕೆ ಸರ್ಕಾರದ ಹೊಣೆ. ಈ ಒಂದು ವಿಷಯವನ್ನು ಇವತ್ತು ಸಂಜೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿ.