ಕೈ ಅಲುಗುತ್ತದೆ, ಅಲುಗಲಿ: ಏರ್ ಗನ್ ಕ್ಲಬ್ಬಿಗೆ ಸೇರಿದ ನನ್ನ ಅನುಭವ

ಏರ್ ಗನ್ ಶೂಟಿಂಗ್ ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದೇ ಯಾವ ಗನ್ ತಗೊಳ್ಳಲಿ ಅಂತ. ಯಾವುದನ್ನೂ ತಗೋಬೇಡಿ, ಮೊದಲು ಕ್ಲಬ್ಬಿಗೆ ಸೇರಿ ಅಂತಲೇ ನಾನು ಹೇಳುವುದು. ಹೊಸಬರಿಗೆ ಅಂತ ಗನ್ ಇಟ್ಟಿರುವ ಕ್ಲಬ್ ಹುಡುಕಿ. ಅದು ಎಷ್ಟೇ ಹಳೆಯದಾಗಿರಲಿ, ನಮ್ಮ ಕೈಗಿಂತ ಅದೇ ವಾಸಿ. ನಾನು ತುಂಬಾ ದಿನ ಅಂಥದ್ದೊಂದರಲ್ಲೇ ಹೊಡೆದೆ, ನಷ್ಟವೇನೂ ಆಗಲಿಲ್ಲ. ರೈಫಲ್ ಹಿಡಿಸುತ್ತದಾ ಪಿಸ್ಟಲ್ ಹಿಡಿಸುತ್ತದಾ, ಗ್ರಿಪ್ ಎಷ್ಟು ದೊಡ್ಡದಿರಬೇಕು, ಇದೆಲ್ಲ ಗೊತ್ತಾಗುವುದು ಹೊಡೆಯಲು ಶುರು ಮಾಡಿದ ಮೇಲೆಯೇ. ಗನ್ ಇಟ್ಟುಕೊಳ್ಳುವ ಕಾನೂನೂ ಎಲ್ಲ ಕಡೆ ಒಂದೇ ಥರ ಇಲ್ಲ. ಅದನ್ನೂ ಕ್ಲಬ್ಬಿನವರ ಹತ್ತಿರ ಕೇಳಿ ತಿಳಿದುಕೊಂಡೇ ಕೊಳ್ಳುವುದು ಒಳ್ಳೆಯದು.

ಸೇರುವ ಮುಂಚೆ, ಒಂದು ದಿನ ಸುಮ್ನೆ ಹಿಂದೆ ಕೂತು ನೋಡಲಾ ಅಂತ ಕೇಳಿದೆ. ಒಪ್ಪಿದರು. ಅಲ್ಲಿ ಯಾರು ಎಷ್ಟು ಚೆನ್ನಾಗಿ ಹೊಡೆಯುತ್ತಾರೆ ಅನ್ನುವುದು ಮುಖ್ಯ ಅಲ್ಲ. ಗುರಿಯ ವೃತ್ತಗಳಿರುವ ಕಾರ್ಡ್ ಬದಲಿಸಲು ಮುಂದೆ ಹೋಗುವಾಗ ಏನು ಮಾಡುತ್ತಾರೆ ಅಂತ ನೋಡಿ. ನಾನು ನೋಡಿದ ಕಡೆ, ಸ್ಟಾಪ್ ಅಂದ ಕೂಡಲೇ ಎಲ್ಲರೂ ಗನ್ ಖಾಲಿ ಮಾಡಿ, ತೆರೆದು, ನಳಿಕೆಯೊಳಗೆ ಕಣ್ಣಿಗೆ ಹೊಡೆಯುವ ಬಣ್ಣದ ದಾರ ತೂರಿಸಿ, ಬಾಯಿ ಟಾರ್ಗೆಟ್ ಕಡೆಗೇ ಇರುವಂತೆ ಟೇಬಲ್ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಆ ದಾರಕ್ಕೆ ಸೇಫ್ಟಿ ಫ್ಲ್ಯಾಗ್ ಅಂತಾರೆ. ಅದು ನಳಿಕೆಯ ಎರಡೂ ತುದಿಯಲ್ಲಿ ಕಾಣುತ್ತಿದ್ದರೆ ಒಳಗೆ ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಇಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ಯಾರಾದರೂ ಮುಂದೆ ಇರುವಾಗ ಗನ್ ಮುಟ್ಟಿದರೆ, ಎಷ್ಟೇ ಹಳಬರಾದರೂ ಬೈಗುಳ ಬೀಳಬೇಕು. ಬೀಳದಿದ್ದರೆ ಬೇರೆ ಕ್ಲಬ್ ನೋಡಿಕೊಳ್ಳಿ. ಗಾಳಿ ಗನ್ ತಾನೇ, ಏನಾಗುತ್ತೆ ಅನ್ನುವವರೂ ಇದ್ದಾರೆ. ಸ್ಪರ್ಧೆಯ ಗನ್ನಿನಲ್ಲೇ ಪೆಲೆಟ್ ಸೆಕೆಂಡಿಗೆ 150 ಮೀಟರಿಗಿಂತ ವೇಗವಾಗಿ ಹೊರಡುತ್ತದೆ. ಕಣ್ಣು ಹೋಗಲು ಅಷ್ಟು ಧಾರಾಳ ಸಾಕು.

ಫಾರಂ ತುಂಬಿಸಿದ್ದು, ಗುರುತಿನ ಚೀಟಿ ಕೊಟ್ಟದ್ದು, ಸುರಕ್ಷತೆಯ ಪಾಠ ಕೇಳಿಸಿಕೊಂಡದ್ದು, ಅದರಲ್ಲೆಲ್ಲ ಹೇಳುವಂಥದ್ದು ಜಾಸ್ತಿ ಇಲ್ಲ.

ರೈಫಲ್ಲಾ ಪಿಸ್ಟಲ್ಲಾ ಅನ್ನುವಲ್ಲಿ ಸ್ವಲ್ಪ ಯೋಚಿಸಬೇಕಾಯಿತು. ಎರಡಕ್ಕೂ ದೂರ 10 ಮೀಟರ್, ಪೆಲೆಟ್ಟೂ ಅದೇ 4.5 ಮಿಲಿಮೀಟರಿನದು. ಉಳಿದಂತೆ ಎರಡೂ ಬೇರೆ ಬೇರೆ ಆಟ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಏರ್ ರೈಫಲ್ಲಿನಲ್ಲಿ. ರೈಫಲ್ಲಿನ ಕಾರ್ಡಿನ ನಡುವೆ ಹತ್ತು ಅಂಕ ಸಿಗುವ ಜಾಗ ಅಂದರೆ ಅರ್ಧ ಮಿಲಿಮೀಟರಿನ ಚುಕ್ಕೆ, ಪೆಲೆಟ್ ಬಿದ್ದರೆ ಚುಕ್ಕೆಯೇ ಇರುವುದಿಲ್ಲ. ರೈಫಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ದಪ್ಪ ಜಾಕೆಟ್, ಪ್ಯಾಂಟು, ಶೂ ಎಲ್ಲ ಹಾಕಿಕೊಂಡು ಹೊಡೆಯಬೇಕು. ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದ ಏರ್ ಪಿಸ್ಟಲ್ಲಿನಲ್ಲಿ ಹತ್ತರ ವೃತ್ತ 11.5 ಮಿಲಿಮೀಟರ್ ಇದೆ. ದೊಡ್ಡದಲ್ವಾ ಅನ್ನಿಸುತ್ತದೆ. ಆದರೆ ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ, ಸುಮಾರು ಒಂದು ಕೆಜಿ ಭಾರವನ್ನು ಮುಂದೆ ಚಾಚಿ ನಿಲ್ಲಬೇಕು. ನನಗೆ ಅಷ್ಟೆಲ್ಲ ಬಟ್ಟೆ ಹಾಕಿಕೊಳ್ಳುವ ತಾಳ್ಮೆ ಇಲ್ಲ, ಹಾಗಾಗಿ ಪಿಸ್ಟಲ್ ಆಯಿತು. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಗನ್ ಕೊಡುವ ಮುಂಚೆ ಕಣ್ಣು ನೋಡಿದರು. ಎರಡೂ ಅಂಗೈ ಸೇರಿಸಿ ನಡುವೆ ಒಂದು ಸಣ್ಣ ಕಿಂಡಿ ಮಾಡಿ, ದೂರದ ಒಂದು ವಸ್ತುವನ್ನು ಅದರೊಳಗಿಂದ ನೋಡಿ, ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ಆ ವಸ್ತು ಕಿಂಡಿಯೊಳಗೇ ಉಳಿಯುತ್ತದೋ ಅದು ಮುಖ್ಯ ಕಣ್ಣು. ಬಲಗೈಯವರಲ್ಲೂ ಎಡಗಣ್ಣು ಮುಖ್ಯವಾಗಿರುವವರು ಇರುತ್ತಾರೆ. ಮೊದಲೇ ಗೊತ್ತಾದರೆ ಯಾವ ಕೈಯಲ್ಲಿ ಕಲಿಯಬೇಕು ಅಂತ ಆಗಲೇ ನಿರ್ಧರಿಸಬಹುದು, ಆಮೇಲೆ ಬದಲಿಸುವುದು ಕಷ್ಟ.

ಶುರುವಿನಲ್ಲಿ ವೃತ್ತವೇ ಇಲ್ಲ. ಕೋಚ್ ಕಾರ್ಡನ್ನು ತಿರುಗಿಸಿ ಬಿಳಿ ಬೆನ್ನು ಮುಂದೆ ಬರುವಂತೆ ಸಿಕ್ಕಿಸಿದರು. ಏನನ್ನೂ ಗುರಿ ಇಡಬೇಡ, ಎರಡು ಸೈಟ್ ಮಾತ್ರ ನೋಡು ಅಂದರು. ಸೈಟ್ ಅಂದರೆ ಗುರಿ ನೋಡಲು ಗನ್ನಿನ ಮೇಲೆ ಹಿಂದೊಂದು ಮುಂದೊಂದು ಇರುವ ತುಂಡು. ಹಿಂದಿನ ಸೈಟಿನ ಚೌಕಾಕಾರದ ಕಚ್ಚಿನ ನಡುವೆ ಮುಂದಿನ ಸೈಟ್ ನಿಲ್ಲಬೇಕು. ಎರಡರ ತಲೆ ಒಂದೇ ಸಮ ಇರಬೇಕು, ಎಡಕ್ಕೂ ಬಲಕ್ಕೂ ಒಂದೇ ಅಗಲದ ಬೆಳಕಿನ ಗೆರೆ ಕಾಣಬೇಕು. ಇದು ಯಾಕೆ ಅಂತ ಅವರು ಲೆಕ್ಕ ಹಾಕಿ ತೋರಿಸಿದ್ದೇ ನನಗೆ ಈ ಆಟವನ್ನು ಅರ್ಥ ಮಾಡಿಸಿತು. ಪಿಸ್ಟಲ್ಲಿನ ಎರಡು ಸೈಟ್‌ಗಳ ನಡುವೆ ಇರುವ ಅಂತರ ಮೀಟರಿನ ಮೂರನೇ ಒಂದು ಭಾಗದಷ್ಟು. ಟಾರ್ಗೆಟ್ ಅದರ 30 ಪಟ್ಟು ದೂರ. ಅಂದರೆ ಮುಂದಿನ ಸೈಟ್ 1 ಮಿಲಿಮೀಟರ್ ಪಕ್ಕಕ್ಕೆ ಹೋದರೆ ಪೆಲೆಟ್ 30 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ, ಹತ್ತು ಆಗಬೇಕಾದ್ದು ಏಳು ಆಗುತ್ತದೆ. ಅದೇ ಸೈಟ್ ಎರಡೂ ಸರಿಯಾಗಿದ್ದು ಇಡೀ ಕೈಯೇ 5 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ಟೂ ಅಷ್ಟೇ ಸರಿಯುತ್ತದೆ. ಆಗಲೂ ಹತ್ತೇ!

ಎಲ್ಲರಿಗೂ ಕೈ ಅಲುಗುತ್ತದೆ, ಒಲಿಂಪಿಕ್ಸಿಗೆ ಹೋದವರಿಗೂ ಅಲುಗುತ್ತದೆ, ಅಭ್ಯಾಸದಿಂದ ಅದು ಕಡಿಮೆ ಆಗುತ್ತದೆಯೇ ಹೊರತು ನಿಲ್ಲುವುದಿಲ್ಲ, ನಿಲ್ಲಲಿ ಅಂತ ಕಾಯುತ್ತಾ ಕೂತರೆ ಉಸಿರು ಕಟ್ಟಿ, ಕಣ್ಣು ಮಂಜಾಗಿ, ಕೊನೆಗೆ ಈಗ ಹೊಡೀ ಅಂತ ಬೆರಳು ತಾನಾಗಿಯೇ ಟ್ರಿಗರ್ ಕಿತ್ತುಬಿಡುತ್ತದೆ. ಆ ಕಿತ್ತುವಿಕೆಯೇ ಸೈಟ್ ಕೆಡಿಸುವುದು. ಅಲುಗುತ್ತಿರುವಾಗಲೇ, ಅಲುಗಲಿ ಬಿಡು ಅಂದುಕೊಂಡು, ನೇರ ಹಿಂದಕ್ಕೆ ಒತ್ತುತ್ತಾ ಹೋಗಬೇಕು. ಏರ್ ಪಿಸ್ಟಲ್ಲಿನ ಟ್ರಿಗರ್ ಎಳೆಯಲು ಬೇಕಾಗುವ ಒತ್ತಡ ಸ್ಪರ್ಧೆಯ ನಿಯಮದ ಪ್ರಕಾರ 500 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ಮೊದಲ ಹಂತದಲ್ಲಿ ಸ್ವಲ್ಪ ದೂರ ಸಲೀಸಾಗಿ ಬರುತ್ತದೆ, ಆಮೇಲೆ ಒಂದು ತಡೆ ಸಿಗುತ್ತದೆ. ಆ ತಡೆಯ ಮೇಲೆ ಒತ್ತಡ ನಿಧಾನಕ್ಕೆ ಏರಿಸಬೇಕು. ಹೊಡೆತ ಬಿದ್ದ ಮೇಲೂ ಒಂದೆರಡು ಸೆಕೆಂಡ್ ಹಾಗೇ ಸೈಟ್ ನೋಡುತ್ತಾ ನಿಲ್ಲಬೇಕು. ಎಂಟು ಹತ್ತು ಸೆಕೆಂಡಿನಲ್ಲಿ ಬೀಳಲಿಲ್ಲವಾ, ಕೈ ಇಳಿಸಿ, ಉಸಿರಾಡಿ, ಮತ್ತೆ ಎತ್ತಬೇಕು. ನನ್ನ ಪ್ರಕಾರ ಈ ಆಟದಲ್ಲಿ ಅತಿ ಕಷ್ಟದ್ದು ಹೀಗೆ ಇಳಿಸುವುದು. ಇಷ್ಟು ಹೊತ್ತು ಹಿಡಿದಿದ್ದೀನಿ, ಹೊಡೆದೇ ಬಿಡೋಣ ಅನ್ನಿಸುತ್ತಲೇ ಇರುತ್ತದೆ.

ಇನ್ನೊಂದು ಪಾಠ ಇದೆ, ಹೊಸಬರು ಯಾರೂ ಅದರಿಂದ ತಪ್ಪಿಸಿಕೊಳ್ಳುವುದಿಲ್ಲ. ಕೋಚ್ ಬೆನ್ನು ತಿರುಗಿಸಿ ತಾವೇ ಲೋಡ್ ಮಾಡಿ ಗನ್ ಕೈಗೆ ಕೊಡುತ್ತಾರೆ. ಕೆಲವು ಸಲ ಒಳಗೆ ಪೆಲೆಟ್ ಇರುತ್ತದೆ, ಕೆಲವು ಸಲ ಡ್ರೈ ಫೈರ್‌ಗೆ ಇಟ್ಟಿರುತ್ತಾರೆ, ಬರೀ ಟಕ್ ಅನ್ನುತ್ತದೆ ಅಷ್ಟೇ. ಯಾವುದು ಯಾವಾಗ ಅಂತ ನಮಗೆ ಗೊತ್ತಿರುವುದಿಲ್ಲ. ಪೆಲೆಟ್ ಇಲ್ಲದಾಗ ಗನ್ನಿನ ಮೂತಿ ತಾನಾಗಿಯೇ ಕೆಳಕ್ಕೆ ಕುಕ್ಕುವುದು ಎದ್ದು ಕಾಣುತ್ತದೆ. ಏರ್ ಪಿಸ್ಟಲ್ಲಿಗೆ ಹಿಂದಕ್ಕೆ ಒದೆಯುವ ಶಕ್ತಿಯೇ ಹೆಚ್ಚುಕಮ್ಮಿ ಇಲ್ಲ, ಆದರೂ ದೇಹ ಅದಕ್ಕೆ ಮೊದಲೇ ಸಿದ್ಧವಾಗಿಬಿಡುತ್ತದೆ. ಮದ್ದು ಮತ್ತೆ ಅದೇ ಡ್ರೈ ಫೈರ್. ಬಿಳಿ ಗೋಡೆಯ ಎದುರು, ಪೆಲೆಟ್ ಇಲ್ಲದೆ, ಟ್ರಿಗರ್ ಬಿದ್ದಾಗ ಸೈಟ್ ಕದಲಿತಾ ಅಂತ ಮಾತ್ರ ನೋಡುತ್ತಾ. ಬೇಜಾರಿನ ಕೆಲಸ ನಿಜ, ಆದರೆ ನನ್ನ ಕಾರ್ಡಿನ ತೂತುಗಳು ಹತ್ತಿರ ಹತ್ತಿರ ಬಂದದ್ದು ಇದರಿಂದಲೇ. ಬೇರೆ ಯಾವ ಉಪಾಯವೂ ಇಷ್ಟು ಕೆಲಸಕ್ಕೆ ಬರಲಿಲ್ಲ.

ನಿಲ್ಲುವ ಬಗ್ಗೆ ಒಂದು ಮಾತು. ಕಣ್ಣು ಮುಚ್ಚಿ ಕೈ ಎತ್ತಿ, ಆಮೇಲೆ ಕಣ್ಣು ಬಿಟ್ಟು ನೋಡಿ. ಗನ್ ಟಾರ್ಗೆಟ್ಟಿನ ಬಲಕ್ಕೋ ಎಡಕ್ಕೋ ಇದ್ದರೆ ಕೈಯನ್ನು ಎಳೆದು ತರಬೇಡಿ, ಹಿಂದಿನ ಪಾದವನ್ನು ಸ್ವಲ್ಪ ಸರಿಸಿ. ಕೈ ಎಳೆದು ತಂದರೆ ಸುಸ್ತಾದಂತೆ ಅದು ತನ್ನ ಜಾಗಕ್ಕೇ ವಾಪಸ್ ಹೋಗುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ 75 ನಿಮಿಷದಲ್ಲಿ 60 ಹೊಡೆತ. ಕೈ ಎತ್ತಿ ಇಳಿಸುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಭುಜಕ್ಕಿಂತ ಮೊದಲು ಸೊಂಟ ಮಾತಾಡುತ್ತದೆ.

ಪೆಲೆಟ್ ಸೀಸದ್ದು ಅನ್ನುವುದನ್ನು ಮರೆಯುವವರು ಬಹಳ. ಬೆರಳು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಅದೇ ಕೈಯಲ್ಲಿ ತಿನ್ನಬಾರದು, ಮುಖ ಮುಟ್ಟಬಾರದು. ರೇಂಜಿನಿಂದ ಹೊರಟ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ. ಗಟ್ಟಿ ಸ್ಟೀಲ್ ಗುಂಡುಗಳನ್ನಂತೂ ಟಾರ್ಗೆಟ್ ಗನ್ನಿಗೆ ಹಾಕಲೇಬಾರದು. ನಳಿಕೆಯೂ ಹಾಳು, ಗುಂಡು ತಿರುಗಿ ಬಂದರೆ ಕಣ್ಣಿಗೂ ಅಪಾಯ. ನಮಗೆ ಬೇಕಾದ್ದು ಮೂತಿ ಚಪ್ಪಟೆ ಇರುವ ಪೆಲೆಟ್, ಅದು ಕಾರ್ಡಿನಲ್ಲಿ ಪಂಚ್ ಮಾಡಿದಂತೆ ದುಂಡಗಿನ ತೂತು ಬಿಡುತ್ತದೆ, ಅಂಕ ನೋಡುವುದು ಸುಲಭ. ಗೆರೆಗೆ ತಾಗಿದರೂ ಸಾಕು, ಮೇಲಿನ ಅಂಕವೇ ಸಿಗುತ್ತದೆ.

ಈಗ ಸ್ವಂತದ್ದು ಕೊಂಡಿದ್ದೇನೆ, ಸೆಕೆಂಡ್ ಹ್ಯಾಂಡ್. ನೀವೂ ಹಾಗೇ ಕೊಳ್ಳುವುದಾದರೆ ನಳಿಕೆ, ಬಣ್ಣ, ಹೊಳಪು ಎಲ್ಲ ಆಮೇಲೆ, ಮೊದಲು ಗಾಳಿಯ ಸಿಲಿಂಡರ್ ಮೇಲೆ ಕೊರೆದಿರುವ ದಿನಾಂಕ ಓದಿ. ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ತುಂಬುವ ಸಿಲಿಂಡರ್ ಅದು, ಹೆಚ್ಚಿನ ಕಂಪನಿಗಳು 10 ವರ್ಷದ ಆಯಸ್ಸು ಹೇಳುತ್ತವೆ. ಅವಧಿ ಮುಗಿದ ಸಿಲಿಂಡರ್ ಇದ್ದರೆ ಸ್ಪರ್ಧೆಗೆ ಬಿಡದೇ ಇರಬಹುದು, ಹೊಸದಕ್ಕೆ ಬೇರೆ ದುಡ್ಡು ಬೇಕು. ಮಾರುವವರು ಹೇಳುವ ಬೆಲೆಯಲ್ಲಿ ಅದನ್ನು ಕಳೆದೇ ಮಾತಾಡಿ. ಗ್ರಿಪ್ ಕೈಗೆ ಸರಿಯಾಗಿ ಕೂರದಿದ್ದರೆ ಅದಕ್ಕೆ ಹೆದರಬೇಡಿ, ಮರದ್ದಾದರೆ ಉಜ್ಜಿ ಸರಿ ಮಾಡಿಕೊಳ್ಳಬಹುದು. ನಾನೂ ಇನ್ನೂ ಹೆಬ್ಬೆರಳಿನ ಹತ್ತಿರ ಉಜ್ಜುತ್ತಲೇ ಇದ್ದೇನೆ.