ಬಾಂಗ್ ಪಾ-ಇನ್ ಅರಮನೆಗೆ ದೋಣಿಯಲ್ಲಿ ಹೋಗುವವರಿಗೆ

ಬ್ಯಾಂಕಾಕ್‌ನಿಂದ ಚಾವೊ ಪ್ರಯಾ ನದಿಯಲ್ಲಿ ಹಳೆಯ ರಾಜಧಾನಿ ಅಯುತ್ಥಯದ ಕಡೆಗೆ ಮೋಟಾರು ದೋಣಿ ಹತ್ತುವ ಮೊದಲು, ದಾರಿಯಲ್ಲಿ ಸಿಗುವ ಥಾಯ್ ರಾಜರ ಬೇಸಿಗೆ ಅರಮನೆ ಬಾಂಗ್ ಪಾ-ಇನ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆಂದು ಕೇಳಿಕೊಳ್ಳಿ. ಅರ್ಧ ಗಂಟೆ ಎಂದರೆ ಬೇರೆ ದೋಣಿ ನೋಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಚಡ್ಡಿ ತೊಟ್ಟು ಹೋದರೆ ಬಾಗಿಲಲ್ಲೇ ತಡೆಯುತ್ತಾರೆ. ಒಂದು ಪಂಚೆ ಚೀಲದಲ್ಲಿರಲಿ.

ಕೊಳದ ನಡುವೆ ನಿಂತ ಚಿನ್ನದ ಬಣ್ಣದ ಮಂಟಪದ ಬಳಿ ಎಲ್ಲರೂ ಫೋಟೊಗೆ ಮುಗಿಬೀಳುತ್ತಾರೆ. ನೀವು ತೋಟದೊಳಗೆ ನಡೆಯಿರಿ. 1880ರಲ್ಲಿ ಇಲ್ಲಿಗೆ ಬರುವಾಗ ದೋಣಿ ಮಗುಚಿ ಮುಳುಗಿಹೋದ ರಾಣಿ ಸುನಂದಾಳ ನೆನಪಿಗೆ ಅವಳ ಗಂಡ, ಅಂದಿನ ಥಾಯ್ ರಾಜ ಚುಲಾಲಾಂಗ್‌ಕಾರ್ನ್ ನಿಲ್ಲಿಸಿದ ಅಮೃತಶಿಲೆಯ ಸ್ಮಾರಕವಿದೆ. ಎದುರು ದಡದಲ್ಲಿ ಬೌದ್ಧ ದೇವಾಲಯವೂ ಇದೆ, ನೋಡಲು ಥೇಟ್ ಇಗರ್ಜಿ! ಗೋಪುರ, ಬಣ್ಣದ ಗಾಜು, ಒಳಗೆ ಬುದ್ಧ. ನೀರಿನ ಮೇಲೆ ತಂತಿಯಲ್ಲಿ ತೂಗುತ್ತಾ ಸಾಗುವ ಪುಟ್ಟ ಪೆಟ್ಟಿಗೆಯಲ್ಲಿ ಅಲ್ಲಿಗೆ ದಾಟಬೇಕು.