ತಂತಿ ಕಿತ್ತು ನೋಡಿ ಆರಿಸಿದ ಶಟ್‌ಡೌನ್ ಸಿಸ್ಟಮ್

ಅಪಾಯ ಕಂಡರೆ ರಿಯಾಕ್ಟರನ್ನು ತಾನಾಗಿಯೇ ನಿಲ್ಲಿಸುವ ಹೊಸ ಶಟ್‌ಡೌನ್ ಸಿಸ್ಟಮ್ ಆರಿಸುವ ಹೊಣೆ ನನಗೆ ಬಂದಾಗ ಕಂಪನಿಗಳೆಲ್ಲ ಮೊದಲು ಮುಂದಿಟ್ಟದ್ದು ಸಿಲ್ 3 ಸರ್ಟಿಫಿಕೇಟ್ (ಸಿಲ್ ಎಂದರೆ ಸುರಕ್ಷತೆಯ ಮಟ್ಟ, ಅಂಕಿ ದೊಡ್ಡದಾದಷ್ಟೂ ಭರವಸೆ ಹೆಚ್ಚು). ಅದು ಕಂಟ್ರೋಲರ್ ಒಂದಕ್ಕೇ ಸಿಕ್ಕ ಪತ್ರ. ಇಂಥ ಸಿಸ್ಟಮ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61511 ಲೆಕ್ಕ ಕೇಳುವುದು ಇಡೀ ಲೂಪಿಗೆ: ಅಳತೆ ಕಳಿಸುವ ಟ್ರಾನ್ಸ್‌ಮಿಟರ್, ಕಂಟ್ರೋಲರ್, ವಾಲ್ವನ್ನು ಚಲಾಯಿಸುವ ಸೊಲೆನಾಯ್ಡ್, ಕೊನೆಯ ವಾಲ್ವ್. ನಮಗೆ ಬೇಕಿದ್ದದ್ದು ಸಿಲ್ 2, ಅಂದರೆ ಅಪಾಯ ನೂರು ಪಟ್ಟಾದರೂ ತಗ್ಗಬೇಕು. ಲೆಕ್ಕ ಹಾಕಿದರೆ ಕೈಕೊಡುವ ಸಂಭವದಲ್ಲಿ ದೊಡ್ಡ ಪಾಲು ವಾಲ್ವಿನದೇ. ತಿಂಗಳುಗಟ್ಟಲೆ ತೆರೆದೇ ನಿಂತ ವಾಲ್ವ್ ಬೇಕಾದ ಹೊತ್ತಿಗೆ ಕಚ್ಚಿಕೊಂಡುಬಿಡುತ್ತದೆ. ಹಾಗಾಗಿ ದುಬಾರಿ ಕಂಟ್ರೋಲರ್‌ಗೆ ಸುರಿಯಬೇಕಿದ್ದ ಹಣದಲ್ಲಿ ಒಂದಿಷ್ಟನ್ನು ಒಳ್ಳೆಯ ವಾಲ್ವಿಗೂ, ಪ್ಲಾಂಟ್ ನಡೆಯುತ್ತಿರುವಾಗಲೇ ಅದನ್ನು ಸ್ವಲ್ಪ ಅಲುಗಿಸಿ ನೋಡುವ ಪಾರ್ಶಿಯಲ್ ಸ್ಟ್ರೋಕ್ ಟೆಸ್ಟ್‌ಗೂ ತಿರುಗಿಸಿದೆ.

ಡೆಮೊ ವೇಳೆ ನಾನು ಮಾಡಿದ ಮುಖ್ಯ ಪರೀಕ್ಷೆ ತುಂಬ ಸರಳ. ಒತ್ತಡ ಮಿತಿ ಮೀರಿದರೆ ಟ್ರಿಪ್ ಆಗಬೇಕಾದ, ಅಂದರೆ ರಿಯಾಕ್ಟರನ್ನು ನಿಲ್ಲಿಸಬೇಕಾದ, ಲೂಪಿನಲ್ಲಿ ಟ್ರಾನ್ಸ್‌ಮಿಟರ್‌ನ ತಂತಿಯನ್ನು ಟರ್ಮಿನಲ್‌ನಿಂದ ಕಿತ್ತೆ. ಒಂದು ಸಿಸ್ಟಮ್‌ನ ಪರದೆಯಲ್ಲಿ ಒತ್ತಡ ಸೊನ್ನೆಗಿಳಿಯಿತು, ಅಲಾರಂ ಇಲ್ಲ, ಟ್ರಿಪ್ಪೂ ಇಲ್ಲ. 4–20 ಮಿಲಿಆಂಪ್ ಸಿಗ್ನಲ್‌ನಲ್ಲಿ ಒತ್ತಡ ಸೊನ್ನೆಯಿದ್ದರೂ 4 ಮಿಲಿಆಂಪ್ ಹರಿಯಲೇಬೇಕು. ಕರೆಂಟೇ ಇಲ್ಲವೆಂದರೆ ತಂತಿ ತುಂಡಾಗಿದೆ ಇಲ್ಲವೇ ಏನೋ ಕೆಟ್ಟಿದೆ ಎಂದೇ ಅರ್ಥ. ಆದರೆ ಆ ಪ್ರೋಗ್ರಾಮ್ ಅದನ್ನು ‘ಒತ್ತಡವಿಲ್ಲ, ಎಲ್ಲ ಕ್ಷೇಮ’ ಎಂದು ಓದಿತ್ತು. ಆಟೊಮೇಷನ್ ಬಳಕೆದಾರರ ಸಂಘ ನ್ಯಾಮುರ್‌ನ ಎನ್‌ಇ 43 ಶಿಫಾರಸಿನಂತೆ 3.6 ಮಿಲಿಆಂಪ್‌ಗಿಂತ ಕೆಳಗೆ ಅಥವಾ 21ಕ್ಕಿಂತ ಮೇಲೆ ಹೋದ ಸಿಗ್ನಲ್ ಅಳತೆಯಲ್ಲ, ದೋಷ. ಸೆಟ್ಟಿಂಗ್ ಬದಲಿಸಿದರೆ ಸರಿಹೋಗುವ ವಿಷಯ, ನಿಜ. ಆದರೂ ಕೇಳದೆ ಸಿಗಬೇಕಾದ ರಕ್ಷಣೆ ಅದು. ಆ ಸಿಸ್ಟಮನ್ನು ಕೈಬಿಟ್ಟೆ.

ಟ್ರಾನ್ಸ್‌ಮಿಟರ್‌ಗಳಿಗೆ ಮೂರರಲ್ಲಿ ಎರಡರ ವೋಟಿಂಗ್ ಇಟ್ಟೆವು, ಅಂದರೆ ಎರಡಾದರೂ ಅಪಾಯ ಎಂದರಷ್ಟೇ ಟ್ರಿಪ್. ಒಂದೇ ಕೆಟ್ಟಾಗ ಸುಮ್ಮಸುಮ್ಮನೆ ಟ್ರಿಪ್ ಆಗುತ್ತಿದ್ದರೆ ಆಪರೇಟರ್‌ಗಳು ಬೇಸತ್ತು ಬೈಪಾಸ್ ಹಾಕುತ್ತಾರೆ, ಆಮೇಲೆ ಸುರಕ್ಷತೆಯೆಂಬುದೇ ಇಲ್ಲ. ಮೂರಕ್ಕೂ ಒತ್ತಡ ತೆಗೆದುಕೊಳ್ಳುವ ಬೇರೆ ಬೇರೆ ಟ್ಯಾಪಿಂಗ್ ಬೇಕೆಂದು ಪಟ್ಟು ಹಿಡಿದೆ, ಮೂರಕ್ಕೂ ಒತ್ತಡ ತರುವ ಕೊಳವೆ (ಇಂಪಲ್ಸ್ ಲೈನ್) ಒಂದೇ ಆಗಿದ್ದು ಅದು ಕಟ್ಟಿಕೊಂಡರೆ ಮೂರೂ ಒಟ್ಟಿಗೆ ಸುಳ್ಳು ಹೇಳುತ್ತವೆ.

ಕಂಟ್ರೋಲರ್‌ನ ಕೀ ಸ್ವಿಚ್ ಅದರ ಪ್ರೋಗ್ರಾಮ್ ಬದಲಿಸಲು ಬಿಡುವ ‘ಪ್ರೋಗ್ರಾಮ್’ ಸ್ಥಾನದಲ್ಲಿದ್ದರೆ ಅಲಾರಂ ಬರಲೇಬೇಕೆಂದೂ ಬರೆಸಿದೆ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಘಟಕವೊಂದರ ಸುರಕ್ಷತಾ ಕಂಟ್ರೋಲರ್‌ಗೆ ಟ್ರೈಟನ್ ಮಾಲ್‌ವೇರ್ ನುಗ್ಗಿದಾಗ ಕೀ ಅದೇ ಸ್ಥಾನದಲ್ಲಿತ್ತು.

ಆರ್ಡರ್ ಹಾಕುವ ಮುನ್ನ ಮೇಂಟೆನೆನ್ಸ್‌ನವರನ್ನು ಕೂರಿಸಿಕೊಂಡು ಅಡಗಿದ ದೋಷ ಹುಡುಕುವ ಪೂರ್ತಿ ಪರೀಕ್ಷೆ (ಪ್ರೂಫ್ ಟೆಸ್ಟ್) ವರ್ಷಕ್ಕೊಮ್ಮೆ ಎಂದು ಬರೆದು ಸಹಿ ಪಡೆದೆ. ಅದನ್ನು ಎರಡು ವರ್ಷಕ್ಕೆ ತಳ್ಳಿದರೆ ಸಿಸ್ಟಮ್ ಕೈಕೊಡುವ ಸಂಭವ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ನಮ್ಮ ಸಿಲ್ 2 ಲೆಕ್ಕ ಅಲ್ಲಿಗೇ ಮುರಿದುಬೀಳುತ್ತಿತ್ತು.